ವೀರಗಲ್ಲೂ ಶಿಲುಬೆಯೂ

ಪ್ರತಿವರ್ಷ ಜನವರಿ 26ನೆಯ ದಿನ ಧ್ವಜಾರೋಹಣವಾದ ಕೂಡಲೆ ಹುತಾತ್ಮರಿಗೆ ಜಯಘೋಷ ಮಾಡುವ ಪದ್ಧತಿಯು ಎಲ್ಲ ಊರುಗಳಂತೆ ನಮ್ಮ ಅಂಕಲಗಿಯಲ್ಲಿಯೂ ನಡೆದುಬಂದಿದೆ. ಮಾಸ್ತರಿಕೆಯ ಮೂವತ್ತಕ್ಕೂ ಮಿಕ್ಕ ವರ್ಷಗಳಲ್ಲಿ ಆ ಘೋಷವನ್ನು ಮಕ್ಕಳ ಬಾಯಿಂದ ಹೇಳಿಸಿದವನು ನಾನು. ನಿವೃತ್ತನಾದ ಮೇಲೆ ಒಂದು ವರ್ಷ, ಸಮಾರಂಭವು ಮುಗಿದು ಮಕ್ಕಳಿಗೆ ಸಿಹಿ ಹಂಚುತ್ತಿದ್ದಾಗ, ನನ್ನ ಹಳೆಯ ಶಿಷ್ಯನೊಬ್ಬನು ಸಮೀಪಕ್ಕೆ ಬಂದು ಕೈಮುಗಿದು ನಿಂತನು. ಅವನು ನಮ್ಮ ಸೀಮೆಯ ಒಂದು ಮರಾಠಾ ಮನೆತನದವನು. "ಗುರುಗಳ, ನಮ್ಮ ಅಜ್ಜನ ಅಪ್ಪ ಬಸರಾದ ಲಡಾಯಿಗೆ ಹೋದವ ತಿರುಗಿ ಬರಲಿಲ್ಲ. ನೀವು ಹೇಳಿಸ್ತಿದ್ದ ಜಯಘೋಷದಾಗ ಅವನೂ ಇದ್ದಾನೇನ್ರಿ?" ಎಂದು ಕೇಳಿದನು.

ನಾನು ಉತ್ತರ ಕೊಡಲಾರದೆ ಹೋದೆನು. ಇದ್ದಾನೆ ಎಂದರೆ ಅದಕ್ಕೆ ಆಧಾರವಿರಲಿಲ್ಲ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೆಲವು ವರ್ಷ ಓದಿದುದನ್ನೂ ಕಂಡುದನ್ನೂ ವಾಚಕರ ಮುಂದೆ ಇಡುತ್ತಿದ್ದೇನೆ. ಪ್ರಾಣ ಕೊಟ್ಟವರನ್ನು ಸ್ಮರಿಸುವುದೆಂದರೇನು? ನಮ್ಮ ಹಿರಿಯರು ಅದನ್ನು ಹೇಗೆ ಮಾಡಿದರು? ನಮ್ಮ ನೆರೆಯಲ್ಲಿಯೇ ಬಾಳುತ್ತಿರುವ ಕ್ರೈಸ್ತ ಬಂಧುಗಳು ಹೇಗೆ ಮಾಡುತ್ತಾರೆ? ಈ ಎರಡನ್ನೂ ಹೋಲಿಸಿದರೆ ನಮ್ಮ ಇಂದಿನ ರಾಷ್ಟ್ರೀಯ ಸ್ಮರಣೆಯಲ್ಲಿ ಕೊರತೆಯೇನಾದರೂ ಕಾಣುವುದೇ? ಈ ಲೇಖನದ ವಿಷಯವು ಇಷ್ಟೇ.

ಪಾಠಶಾಲೆಯಲ್ಲಿ ಕಲಿತವನಿಗೆ ಮೊದಲು ಶಬ್ದದ ಅರ್ಥವನ್ನು ವಿಚಾರಿಸದೆ ಮುಂದೆ ಹೋಗುವ ರೂಢಿಯಿಲ್ಲ. 'ಹುತಾತ್ಮ' ಎಂಬ ಮಾತು ಈಚೆಗೆ ಬಳಕೆಗೆ ಬಂದುದಾದರೂ ಅದರ ಬೇರು ಹಳೆಯದು. ಅಗ್ನಿಯಲ್ಲಿ ಹವಿಸ್ಸನ್ನು ಅರ್ಪಿಸುವ ಅರ್ಥದ ಧಾತುವಿನಿಂದ ಅದು ಹುಟ್ಟಿದೆ. ತನ್ನನ್ನೇ ಆಹುತಿಯಾಗಿ ಕೊಟ್ಟವನು ಹುತಾತ್ಮನು. ಮೀಮಾಂಸಕರು ಯಾಗಕ್ಕೆ ದ್ರವ್ಯ, ದೇವತೆ, ತ್ಯಾಗ ಎಂಬ ಮೂರು ಅಂಗಗಳನ್ನು ಹೇಳಿದರು. ಇಲ್ಲಿ ತ್ಯಾಗವೆಂದರೆ ಕೊಡುವ ವಸ್ತುವಿನ ಮೇಲಿನ 'ನನ್ನದು' ಎಂಬ ಹಕ್ಕನ್ನು ಬಿಡುವುದು. ಇನ್ನು ಕ್ರೈಸ್ತರು ತಮ್ಮ ಹುತಾತ್ಮರಿಗೆ ಬಳಸುವ 'ಮಾರ್ಟಿರ್' ಎಂಬುದು ಗ್ರೀಕ್ ಮೂಲದ್ದು. ಅದರ ಅರ್ಥ ಸಾಕ್ಷಿ ಎಂದು. ನಮ್ಮ ಮುಸಲ್ಮಾನ ಬಾಂಧವರ 'ಶಹೀದ' ಎಂಬ ಅರಬೀ ಶಬ್ದಕ್ಕೂ ಸಾಕ್ಷಿಯೆಂಬುದೇ ಮೂಲಾರ್ಥ. ದೂರದೂರದ ಎರಡು ಭಾಷೆಗಳು ಪ್ರಾಣಕೊಟ್ಟವನನ್ನು ಸಾಕ್ಷಿಯೆಂದೇ ಕರೆದವೆಂಬುದು ಯೋಚಿಸತಕ್ಕ ಸಂಗತಿಯಾಗಿದೆ. ಸಾಕ್ಷಿಯು ನುಡಿದರೆ ಸಾಲದು, ಕೇಳುವವರು ಬೇಕು. ಸ್ಮರಣೆಯೆಂದರೆ ಆ ಸಾಕ್ಷ್ಯವನ್ನು ಕೇಳಿಸಿಕೊಳ್ಳುವ ಕೆಲಸ.

ನಮ್ಮ ಕನ್ನಡ ನಾಡಿನ ಹಿರಿಯರು ಈ ಕೆಲಸವನ್ನು ಕಲ್ಲಿನಲ್ಲಿ ಮಾಡಿದರು. ಊರ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಅಗಸೆಯ ಬಳಿಯಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡದ ಕನ್ನಡಿಗನಿಲ್ಲ. ನಿಂತು ನೋಡಿದವರು ಮಾತ್ರ ಕಡಮೆ. ಸಾಮಾನ್ಯವಾಗಿ ಈ ಕಲ್ಲಿನಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿ. ಶಿಖರದಲ್ಲಿ ಸೂರ್ಯಚಂದ್ರರಿರುತ್ತಾರೆ; ಅವರಿರುವವರೆಗೆ ಈ ನೆನಪು ಇರಲೆಂಬುದು ಅದರ ಆಶಯ. ಈ ವೀರರೆಲ್ಲ ದೊಡ್ಡ ದಂಡನಾಯಕರೆಂದು ತಿಳಿಯಬಾರದು. ತುರುಗೊಳ್ ಎಂದರೆ ದನಗಳ ಅಪಹರಣ. ಊರಳಿವು ಎಂದರೆ ಊರಿನ ನಾಶ. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ. ಇಂತಹ ಸಂದರ್ಭಗಳಲ್ಲಿ ಅಡ್ಡ ನಿಂತು ಸತ್ತ ಊರಿನ ಸಾಮಾನ್ಯರೇ ಅವರಲ್ಲಿ ಬಹಳ ಮಂದಿ. ಸಮಕಾಲದ ಕಾವ್ಯಗಳಲ್ಲಿ ಸ್ಥಾನವೇ ದೊರೆಯದವರ ಹೆಸರುಗಳು ಕಲ್ಲಿನಲ್ಲಿ ಉಳಿದಿವೆ.

ಆದರೆ ಕಲ್ಲು ನಿಲ್ಲಿಸಿದ ಮಾತ್ರಕ್ಕೆ ಕರ್ತವ್ಯವು ಮುಗಿಯಿತೆಂದು ಅವರು ಭಾವಿಸಲಿಲ್ಲ. ಸತ್ತವನ ಮನೆಯವರಿಗೆ ಭೂಮಿಯನ್ನು ಕೊಟ್ಟರು. ಶಾಸನಗಳಲ್ಲಿ ಇದಕ್ಕೆ ನೆತ್ತರುಗೊಡಗೆ, ರಕ್ತಗೊಡಗೆ, ಕಲ್ನಾಡು ಮುಂತಾದ ಹೆಸರುಗಳಿವೆ. ನೆತ್ತರಿಗಾಗಿ ಕೊಟ್ಟ ಕೊಡುಗೆಯೇ ನೆತ್ತರುಗೊಡಗೆ. ಕನ್ನಡದ ಅತ್ಯಂತ ಪ್ರಾಚೀನ ಶಾಸನಗಳಲ್ಲೊಂದಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ ವಿಷಯವೂ ಇಂತಹುದೇ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು 'ಬಾಳ್ಗೞ್ಚು' ಆಗಿ ಕೊಟ್ಟರೆಂದು ಅದರಲ್ಲಿದೆ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆಯುವುದು. ಕತ್ತಿ ತೊಳೆದು ಕೊಟ್ಟ ದತ್ತಿಯೆಂದು ಅರ್ಥ. ಹೀಗೆ ಕನ್ನಡ ನುಡಿಯು ಕಲ್ಲಿನ ಮೇಲೆ ಮೊದಮೊದಲು ಕಾಣಿಸಿಕೊಂಡುದೇ ರಕ್ತದ ಋಣವನ್ನು ಭೂಮಿಯಿಂದ ತೀರಿಸುವ ಸಂದರ್ಭದಲ್ಲಿ.

ಮಂಡ್ಯ ಸೀಮೆಯ ಆತಕೂರಿನ ಶಾಸನವು ಇದಕ್ಕಿಂತಲೂ ಹೃದ್ಯವಾಗಿದೆ. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದನು. ಆ ಬೂತುಗನ ಸೇವಕನಾದ ಮಣಲೇರನು ಒಡೆಯನಿಂದ ವರವಾಗಿ ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ಗದ್ದೆಯನ್ನು ಬಿಟ್ಟರು. ಆ ಗದ್ದೆಯನ್ನು ಅನುಭವಿಸುವ ಪೂಜಾರಿಯು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಆ ನಾಯಿಯ ಪಾಪವು ತಟ್ಟುವುದೆಂದು ಶಾಸನವು ಎಚ್ಚರಿಸುತ್ತದೆ. ವಾಚಕರು ಈ ಮಾತನ್ನು ಮನಸ್ಸಿನಲ್ಲಿಡಬೇಕು. ಸತ್ತವರ ತ್ಯಾಗದಿಂದ ಬಂದ ಅನ್ನವನ್ನು ಅವರನ್ನು ನೆನೆಯದೆ ಉಣ್ಣುವುದು ಪಾಪವೆಂದು ಸಾವಿರ ವರ್ಷಗಳ ಹಿಂದೆ ನಮ್ಮವರು, ಅದೂ ಒಂದು ನಾಯಿಯ ವಿಷಯದಲ್ಲಿ, ಕಲ್ಲಿನಲ್ಲಿ ಬರೆದಿಟ್ಟರು.

ಕಲ್ಲು ನಿಲ್ಲಿಸುವ ಅಧಿಕಾರವು ಕೈತಪ್ಪಿ ಹೋದಾಗ ಏನಾಯಿತೆಂಬುದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯೇ ಸಾಕ್ಷಿಯಾಗಿದೆ. 1824ನೆಯ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆಯು ಹತನಾದನು. ಡಿಸೆಂಬರದಲ್ಲಿ ಕುಂಪಣಿಯ ದೊಡ್ಡ ಸೈನ್ಯವು ಬಂದು ಕೋಟೆಯನ್ನು ತೆಗೆದುಕೊಂಡಿತು. ಆ ಯುದ್ಧದಲ್ಲಿ ಮದ್ರಾಸಿನ ಗವರ್ನರ ಸರ್ ಥಾಮಸ್ ಮನ್ರೋನ ಬಂಧುವಾದ ಒಬ್ಬ ತರುಣ ಅಧಿಕಾರಿಯೂ ಮಡಿದನು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟಳು. ಸಂಗೊಳ್ಳಿ ರಾಯಣ್ಣನನ್ನು 1831ನೆಯ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಥ್ಯಾಕರೆಯ ನೆನಪಿಗೆ ಧಾರವಾಡದಲ್ಲಿ ಕಲ್ಲಿನ ಸ್ತಂಭವಾಯಿತು. ರಾಯಣ್ಣನಿಗೆ ಅಂದು ಕಲ್ಲು ನಿಲ್ಲಿಸುವವರು ಯಾರು? ಅವನ ಸಮಾಧಿಯ ಮೇಲೆ ಅವನ ಸಂಗಡಿಗನೊಬ್ಬನು ಆಲದ ಸಸಿಯನ್ನು ನೆಟ್ಟನೆಂದು ಜನ ಹೇಳುತ್ತಾರೆ. ಆ ಆಲಕ್ಕೆ ಮಕ್ಕಳಿಲ್ಲದ ಹೆಂಗಸರು ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಕಲ್ಲು ದೊರೆಯದವನಿಗೆ ಮರವೇ ವೀರಗಲ್ಲಾಯಿತು. ಗಲ್ಲಿನ ಸ್ಥಳವೇ ಸಂತಾನದ ಹರಕೆಯ ಸ್ಥಳವಾಯಿತು. ಅವನು ಪ್ರಾಣಬಿಟ್ಟ ದಿನವೇ ಮುಂದೆ 1950ರಲ್ಲಿ ಗಣರಾಜ್ಯದ ದಿನವಾದುದು ಕಾಕತಾಳೀಯವಾದರೂ ನಮ್ಮ ಜಿಲ್ಲೆಯವರಿಗೆ ಅದು ಅರ್ಥವಿಲ್ಲದ ಸಂಗತಿಯಲ್ಲ.

ಹೀಗಿದ್ದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ರಾಯಣ್ಣನ ಹೆಸರು ಎಲ್ಲರಿಗೂ ಗೊತ್ತು. ಅವನೊಡನೆ ಗಲ್ಲಿಗೇರಿದ ಸಂಗಡಿಗರ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು? 1857ರ ನವೆಂಬರದಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ವಿರೋಧಿಸಿ ನಮ್ಮ ನೆರೆಯ ಮುಧೋಳ ಸೀಮೆಯ ಹಲಗಲಿಯ ಬೇಡರು ಎದ್ದರು. ಊರನ್ನು ಸುಟ್ಟು, ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಅವರಲ್ಲಿ ಕೆಲವರ ಹೆಸರುಗಳು ನಮಗೆ ತಿಳಿದಿದ್ದರೆ ಅದು ಲಾವಣಿ ಹಾಡಿದವರ ಪುಣ್ಯ. ಆ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಫ್ಲೀಟ ಸಾಹೇಬನಾದರೋ ಆಳುವ ಸರಕಾರದ ಅಧಿಕಾರಿ.

ಈಗ ನನ್ನ ಶಿಷ್ಯನ ಪ್ರಶ್ನೆಗೆ ತಿರುಗುವ ಮೊದಲು ಇನ್ನೊಂದು ಅನುಭವವನ್ನು ಹೇಳಬೇಕಾಗಿದೆ. ನನ್ನೊಡನೆ ಬಹುಕಾಲ ಕೆಲಸ ಮಾಡಿದ ಕ್ರೈಸ್ತ ಉಪಾಧ್ಯಾಯರೊಬ್ಬರಿದ್ದಾರೆ. ಆ ಪ್ರಶ್ನೆಯನ್ನು ಅವರ ಮುಂದಿಟ್ಟಾಗ ಅವರು ಉತ್ತರ ಹೇಳದೆ, ಶುಭ ಶುಕ್ರವಾರದ ವಾರದಲ್ಲಿ ನನ್ನನ್ನು ಬೆಳಗಾವಿಗೆ ಕರೆದುಕೊಂಡು ಹೋದರು. ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನ ಕಾರ್ಯವು 1820ರಲ್ಲಿಯೇ, ಎಂದರೆ ಕಿತ್ತೂರಿನ ಯುದ್ಧಕ್ಕೂ ನಾಲ್ಕು ವರ್ಷ ಮೊದಲು, ಆರಂಭವಾಗಿತ್ತು. ಆದುದರಿಂದ ಅಲ್ಲಿಯ ಕನ್ನಡ, ಮರಾಠಿ ಕ್ರೈಸ್ತ ಸಭೆಗಳು ಹೊಸವಲ್ಲ. ದೇವಾಲಯದ ಹಿಂದಿನ ಬೆಂಚಿನ ಮೇಲೆ ಕುಳಿತು ನಾನು ಎಲ್ಲವನ್ನೂ ನೋಡಿದೆನು. ಕ್ರಿಸ್ತನು ಸೆರೆಸಿಕ್ಕಿದ ರಾತ್ರಿ ಶಿಷ್ಯರೊಡನೆ ಮಾಡಿದ ಊಟದ ನೆನಪಿಗೆ ರೊಟ್ಟಿಯನ್ನು ಮುರಿದು ಹಂಚಿದರು, ದ್ರಾಕ್ಷಾರಸವನ್ನು ಕೊಟ್ಟರು. ಮುದುಕಿಯರು, ಕೂಲಿಕಾರರು, ಅಧಿಕಾರಿಗಳು ಒಂದೇ ಸಾಲಿನಲ್ಲಿ ಮೊಣಕಾಲೂರಿ ಅದನ್ನು ಸ್ವೀಕರಿಸಿದರು. ಹೊರಗೆ ಬಂದ ಮೇಲೆ ಸ್ನೇಹಿತರು, "ನಮ್ಮ ಗುರು ತನ್ನ ನೆನಪಿಗೆ ಕಲ್ಲು ನಿಲ್ಲಿಸಿರೆಂದು ಹೇಳಲಿಲ್ಲ ನೋಡಿರಿ. ಕೂಡಿ ಉಣ್ಣಿರೆಂದು ಹೇಳಿದ" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಶಿಲುಬೆಯ ಚರಿತ್ರೆಯನ್ನು ಸ್ವಲ್ಪ ತಿಳಿದವರಿಗೆ ಇದರ ಅರ್ಥವು ಇನ್ನೂ ಆಳವಾಗಿ ತೋರುವುದು. ರೋಮನ್ನರ ಕಾಲದಲ್ಲಿ ಶಿಲುಬೆಯು ಪೂಜ್ಯವಸ್ತುವಾಗಿರಲಿಲ್ಲ. ಗುಲಾಮರನ್ನೂ ದಂಗೆಕೋರರನ್ನೂ ದಾರಿಹೋಕರ ಕಣ್ಣೆದುರಿಗೆ ಕೊಲ್ಲುತ್ತಿದ್ದ ಗಲ್ಲುಮರ ಅದು. ಅಪಮಾನದ ಆ ಕಂಬವು ಜಗತ್ತಿನ ದೊಡ್ಡದೊಂದು ಧರ್ಮಕ್ಕೆ ಚಿಹ್ನೆಯಾಯಿತು. ಕ್ರಿಸ್ತನನ್ನೂ ರಾಯಣ್ಣನನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಅವರ ಮಾರ್ಗಗಳು ಬೇರೆ, ಅವರನ್ನು ನಂಬುವವರ ಭಾವವೂ ಬೇರೆ. ಆದರೆ ದೊರೆತನವು ಅಪಮಾನಕ್ಕೆಂದು ಆರಿಸಿದ ಸ್ಥಳವನ್ನು ಜನರ ಸ್ಮರಣೆಯು ಪವಿತ್ರವನ್ನಾಗಿ ಮಾಡಿತೆಂಬ ಒಂದು ಅಂಶದಲ್ಲಿ ನಂದಗಡದ ಆಲಕ್ಕೂ ಯೆರೂಸಲೇಮಿನ ಗುಡ್ಡಕ್ಕೂ ಸಂಬಂಧವಿದೆಯೆಂದು ಹೇಳಲು ಅಡ್ಡಿಯಿಲ್ಲ.

ಸ್ನೇಹಿತರು ಕೊಟ್ಟ ಕನ್ನಡ ಬೈಬಲ್ಲಿನಲ್ಲಿ ನಾನು ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರವನ್ನು ಓದಿದೆನು. ಅದರ 11ನೆಯ ಅಧ್ಯಾಯದಲ್ಲಿ ಈ ಸ್ಮರಣೆಯ ಊಟದ ವಿಧಿಯಿದೆ. ಆ ವಿಧಿಯನ್ನು ಹೇಳುವುದಕ್ಕೆ ಮೊದಲು ಪೌಲನು ಆ ಸಭೆಯ ಶ್ರೀಮಂತರನ್ನು ಕಟುವಾಗಿ ಖಂಡಿಸಿದ್ದಾನೆ. ಅವರು ತಮ್ಮ ತಮ್ಮ ಊಟವನ್ನು ಮೊದಲೇ ಮುಗಿಸುತ್ತಿದ್ದರು. ಬಡವರು ಹಸಿದುಕೊಂಡೇ ಇರುತ್ತಿದ್ದರು. ಅಂತಹ ಊಟವು ಪ್ರಭುವಿನ ಸ್ಮರಣೆಯೇ ಆಗಲಾರದು, ತನ್ನನ್ನು ತಾನು ಪರೀಕ್ಷಿಸಿಕೊಳ್ಳದೆ ಉಣ್ಣುವವನು ಶಿಕ್ಷೆಗೆ ಗುರಿಯಾಗುವನು ಎಂಬುದು ಅವನ ಅಭಿಪ್ರಾಯ. ಇದನ್ನೋದಿದಾಗ ನನಗೆ ಆತಕೂರಿನ ಕಲ್ಲು ನೆನಪಾಯಿತು. ಗ್ರೀಸ್ ದೇಶದ ಒಂದು ಪಟ್ಟಣಕ್ಕೂ ಮಂಡ್ಯ ಸೀಮೆಯ ಒಂದು ಹಳ್ಳಿಗೂ ಏನು ಸಂಬಂಧ? ಆದರೂ ಎರಡು ಕಡೆಯ ಎಚ್ಚರಿಕೆಯೂ ಒಂದೇ ಬಗೆಯದು. ಸ್ಮರಣೆಯು ಉಣ್ಣುವವನ ಮೇಲೆ ಋಣವನ್ನು ಹೊರಿಸುತ್ತದೆ.

ಈ ಎರಡು ಪರಂಪರೆಗಳನ್ನು ಹೋಲಿಸಿ ನೋಡಿದವರಲ್ಲಿ ನಾನೇ ಮೊದಲಿಗನಲ್ಲ. ಕನ್ನಡ ನಿಘಂಟಿನ ಕರ್ತೃವೆಂದು ನಾವೆಲ್ಲ ಗೌರವಿಸುವ ಕಿಟೆಲ್ ಪಾದ್ರಿಯವರು 1872ರಲ್ಲಿ 'ಯಜ್ಞಸುಧಾನಿಧಿ' ಎಂಬ ಚಿಕ್ಕ ಗ್ರಂಥವನ್ನು ರಚಿಸಿ, ವೈದಿಕ ಯಜ್ಞಗಳ ವಿಚಾರವನ್ನೆತ್ತಿಕೊಂಡು ಕ್ರಿಸ್ತನ ಬಲಿದಾನದತ್ತ ವಾಚಕರನ್ನು ಕರೆದೊಯ್ಯಲು ಯತ್ನಿಸಿದರು. ಅವರ ಸಿದ್ಧಾಂತವನ್ನು ಒಪ್ಪುವುದು ನನ್ನಂಥವನಿಗೆ ಸಾಧ್ಯವಿಲ್ಲ. ಆದರೆ ಪರಧರ್ಮದ ತ್ಯಾಗವನ್ನು ಅದರ ಮೂಲದಲ್ಲಿ ಓದಿಯೇ ಮಾತಾಡಬೇಕೆಂಬ ಅವರ ಶ್ರದ್ಧೆಯನ್ನು ಒಪ್ಪದಿರಲಾರೆ. ಅವರು ನಮ್ಮ ಯಜ್ಞವನ್ನು ಓದಿದರು. ನಾವು ಅವರ ರೊಟ್ಟಿಯ ಅರ್ಥವನ್ನು ತಿಳಿದರೆ ನಷ್ಟವಿಲ್ಲ.

ಇನ್ನು ಶಿಷ್ಯನ ಮುತ್ತಜ್ಜನ ವಿಷಯ. ಬೆಳಗಾವಿಯು ಮರಾಠಾ ಲೈಟ್ ಇನ್‌ಫಂಟ್ರಿ ಪಲ್ಟಣದ ಕೇಂದ್ರವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಮೊದಲನೆಯ ಮಹಾಯುದ್ಧದಲ್ಲಿ ಈಗಿನ ಈ ಪಲ್ಟಣದ ಪೂರ್ವರೂಪಗಳಾದ 103, 110 ಮತ್ತು 117ನೆಯ ಮರಾಠಾ ದಳಗಳು ಮೆಸೊಪೊಟೇಮಿಯಕ್ಕೆ, ಎಂದರೆ ಇಂದಿನ ಇರಾಕ ದೇಶಕ್ಕೆ ಹೋದವು. ಜನರಲ್ ಟೌನ್‌ಶೆಂಡನ ಕೈಕೆಳಗಿದ್ದ ಸೈನ್ಯವನ್ನು 1915ರ ಡಿಸೆಂಬರದಲ್ಲಿ ಕೂತ್ ಎಂಬ ಊರಿನಲ್ಲಿ ತುರ್ಕರು ಮುತ್ತಿದರು. ಮುತ್ತಿಗೆಯು 147 ದಿನ ನಡೆಯಿತು. ಅನ್ನ ತೀರಿತು, ರೋಗ ಹಬ್ಬಿತು. 1916ನೆಯ ಏಪ್ರಿಲ 29ರಂದು ಸುಮಾರು 13,000 ಜನರು ಶರಣಾಗತರಾದರು. ಸೆರೆಯ ದಾರಿಯಲ್ಲಿ, ಮರುಭೂಮಿಯ ಬಿಸಿಲಿನಲ್ಲಿ ಸಾವಿರಾರು ಜನರು ಅಸುನೀಗಿದರು. ಹಾಗೆ ಮಡಿದ ಅನೇಕರಿಗೆ ಗುರುತಿನ ಗೋರಿಯೂ ಇಲ್ಲ, ಚಿತೆಯ ಜಾಗವೂ ಇಲ್ಲ.

ಮೆಸೊಪೊಟೇಮಿಯದಲ್ಲಿ ಗೋರಿಯಿಲ್ಲದೆ ಹೋದ 40,000ಕ್ಕೂ ಮಿಕ್ಕಿದ ಸೈನಿಕರ ನೆನಪಿಗೆಂದು ಬ್ರಿಟಿಷರು ಬಸ್ರಾದಲ್ಲಿ 1929ರಲ್ಲಿ ದೊಡ್ಡ ಸ್ಮಾರಕವನ್ನು ಅನಾವರಣ ಮಾಡಿದರು. ಅದರ ಫಲಕಗಳಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳಿವೆ. ಹಿಂದೀ ಅಧಿಕಾರಿಗಳ ಹೆಸರುಗಳಿವೆ. ಹಿಂದೀ ಸಾಮಾನ್ಯ ಸಿಪಾಯಿಗಳ ಹೆಸರುಗಳಿಲ್ಲ. ಪಲ್ಟಣದ ಹೆಸರನ್ನು ಬರೆದು ಅದರ ಕೆಳಗೆ ಇಂತಿಷ್ಟು ಜನ ಎಂದು ಸಂಖ್ಯೆಯನ್ನು ಮಾತ್ರ ಕೊರೆದರು. ಕಾಳಿಯೆಂಬ ನಾಯಿಗೆ ಕನ್ನಡದ ಕಲ್ಲಿನಲ್ಲಿ ಹೆಸರಿದೆ. ಕೂತ್‌ನಲ್ಲಿ ಹಸಿದು ಸತ್ತ ನಮ್ಮ ಸೀಮೆಯ ಸಿಪಾಯಿಗೆ ಬಸ್ರಾದ ಕಲ್ಲಿನಲ್ಲಿ ಅಂಕಿ ಮಾತ್ರ ಇದೆ. ಸತ್ತವರೆಲ್ಲರನ್ನೂ ಅಂತಸ್ತು, ಜನಾಂಗ, ಮತ ಎಂಬ ಭೇದವಿಲ್ಲದೆ ಸ್ಮರಿಸಬೇಕೆಂಬುದು 1917ರಲ್ಲಿ ಸ್ಥಾಪಿತವಾದ ಯುದ್ಧಗೋರಿಗಳ ಆಯೋಗದ ತತ್ವವಾಗಿತ್ತು. ಆ ತತ್ವವನ್ನು ಪಾಲಿಸಲಿಲ್ಲವೆಂದು ಆ ಆಯೋಗವೇ 2021ರ ಏಪ್ರಿಲದಲ್ಲಿ ವರದಿಯೊಂದನ್ನು ಪ್ರಕಟಿಸಿ ಕ್ಷಮೆ ಕೇಳಿತು. ಆಫ್ರಿಕ, ಹಿಂದೂಸ್ಥಾನ ಮೊದಲಾದ ದೇಶಗಳ 45,000ದಿಂದ 54,000 ಜನರನ್ನು ಸಮಾನವಾಗಿ ಸ್ಮರಿಸಲಾಗಿಲ್ಲವೆಂದು ಅದರಲ್ಲಿ ಅಂದಾಜು ಮಾಡಿದ್ದಾರೆ. ತಪ್ಪನ್ನು ಒಪ್ಪಿಕೊಂಡುದು ಒಳ್ಳೆಯದು; ಅದಕ್ಕೆ ನೂರು ವರ್ಷ ಬೇಕಾದುದು ವಿಷಾದಕರ.

ನಮ್ಮ ದೇಶದಲ್ಲಿ ಅವನಿಗೆ ಸ್ಥಳವಿದೆಯೇ? ದಿಲ್ಲಿಯ ಇಂಡಿಯಾ ಗೇಟು 1931ರಲ್ಲಿ ಅನಾವರಣವಾಯಿತು. ಮಹಾಯುದ್ಧದಲ್ಲಿ ಮಡಿದ ಸುಮಾರು 70,000 ಹಿಂದೀ ಸೈನಿಕರ ಸ್ಮಾರಕ ಅದಾದರೂ ಅದರ ಮೇಲಿರುವ 13,000ಕ್ಕೂ ಹೆಚ್ಚಿನ ಹೆಸರುಗಳು ಮುಖ್ಯವಾಗಿ ವಾಯವ್ಯ ಗಡಿಯಲ್ಲಿಯೂ ಆಫ್ಘನ್ ಯುದ್ಧದಲ್ಲಿಯೂ ತೀರಿಕೊಂಡವರವು. 2019ನೆಯ ಫೆಬ್ರುವರಿ 25ರಂದು ಅದರ ಸಮೀಪದಲ್ಲಿಯೇ ಉದ್ಘಾಟಿತವಾದ ರಾಷ್ಟ್ರೀಯ ಯುದ್ಧಸ್ಮಾರಕದ 'ತ್ಯಾಗಚಕ್ರ'ದಲ್ಲಿ 25,000ಕ್ಕೂ ಮಿಕ್ಕಿದ ಹೆಸರುಗಳನ್ನು ಒಂದೊಂದು ಕಲ್ಲಿಗೆ ಒಂದೊಂದರಂತೆ ಕೆತ್ತಿದ್ದಾರೆ. ಇದು ನಮ್ಮ ವೀರಗಲ್ಲಿನ ಸಂಪ್ರದಾಯಕ್ಕೆ ತಕ್ಕ ಕೆಲಸವೆಂದು ಸಂತೋಷಪಡಬೇಕು. ಆದರೆ ಅವರು ಸ್ವಾತಂತ್ರ್ಯಾನಂತರದ ಸೈನಿಕರು. ಹೀಗೆ ನನ್ನ ಶಿಷ್ಯನ ಮುತ್ತಜ್ಜನು ಮೂರು ದೊಡ್ಡ ಸ್ಮಾರಕಗಳ ನಡುವೆ ಬಿದ್ದುಹೋಗಿದ್ದಾನೆ.

ಕೆಲವರು ಆಕ್ಷೇಪಿಸಬಹುದು: ಅವನು ಪರಕೀಯ ಸರಕಾರದ ಪಗಾರಕ್ಕಾಗಿ ಹೋದವನು, ಅವನ ಸಾವು ರಾಷ್ಟ್ರಕ್ಕಾಗಿ ಆದ ತ್ಯಾಗವೇ? ಈ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಆದರೆ ವೀರಗಲ್ಲಿನವರು ಆ ಪ್ರಶ್ನೆಯನ್ನು ಹೇಗೆ ಪರಿಹರಿಸಿದರೆಂಬುದನ್ನು ನೋಡಿರಿ. ಯಾವ ಸಾಮಂತನ ಪಕ್ಷವು ನ್ಯಾಯವಾದುದೆಂದು ಕಲ್ಲು ತೀರ್ಪು ಕೊಡುವುದಿಲ್ಲ. ಈ ಮನುಷ್ಯನು ನಂಬಿದವರ ಕೈಬಿಡದೆ ನಿಂತನೆಂಬುದನ್ನಷ್ಟೇ ಅದು ಹೇಳುತ್ತದೆ. ಯುದ್ಧವನ್ನು ಮೆಚ್ಚುವುದು ಬೇರೆ, ಮಡಿದವನನ್ನು ನೆನೆಯುವುದು ಬೇರೆ. ಮೈಸೂರು ಲ್ಯಾನ್ಸರ್ಸ್ ಕುದುರೆದಳದ ಕನ್ನಡ ನಾಡಿನ ಸವಾರರು 1918ನೆಯ ಸೆಪ್ಟೆಂಬರ 23ರಂದು ಹೈಫಾ ನಗರದ ಬಳಿ ಕರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ತುರ್ಕರ ತೋಪುಗಳನ್ನು ಹಿಡಿದರು. ಜೋಧಪುರದ ಸವಾರರು ಪಟ್ಟಣವನ್ನು ನುಗ್ಗಿದರು. ಅದು ಎಲೀಯನೆಂಬ ಪ್ರವಾದಿಯು ಹನ್ನೆರಡು ಕಲ್ಲುಗಳಿಂದ ಬಲಿಪೀಠವನ್ನು ಕಟ್ಟಿದನೆಂದು ಬೈಬಲ್ಲು ಹೇಳುವ ಬೆಟ್ಟ. ಕ್ರಿಸ್ತನು ಬೆಳೆದ ನಜರೇತು ಅಲ್ಲಿಂದ ದೂರವಿಲ್ಲ. ನಮ್ಮ ಸೈನ್ಯವು ಆ ದಿನವನ್ನು ಇಂದಿಗೂ ಆಚರಿಸುತ್ತದೆ. ಅವರೂ ಸಾಮ್ರಾಜ್ಯದ ಯುದ್ಧಕ್ಕೆ ಹೋದವರೇ. ಗೆದ್ದವರನ್ನು ನೆನೆಯಬಹುದಾದರೆ ಕೂತ್‌ನಲ್ಲಿ ಸೋತು ಸತ್ತವರನ್ನು ಮರೆಯುವುದಕ್ಕೆ ಕಾರಣವೇನು?

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೈನಿಕನ ತ್ಯಾಗಕ್ಕೂ ಶಿಲುಬೆಯ ತ್ಯಾಗಕ್ಕೂ ಒಂದು ಭೇದವನ್ನು ಮರೆಯಬಾರದು. ಸೈನಿಕನು ಕೊಲ್ಲಲು ಸಿದ್ಧನಾಗಿ ಸಾಯುತ್ತಾನೆ. ಕ್ರಿಸ್ತನು ಕೊಲ್ಲದೆ ಸತ್ತನು, ತನಗಾಗಿ ಕತ್ತಿಯೆತ್ತಿದ ಶಿಷ್ಯನಿಗೆ ಅದನ್ನು ಒರೆಗೆ ಸೇರಿಸೆಂದು ಹೇಳಿದನು. ಮಹಾಯುದ್ಧದ ಬಳಿಕ ಯುರೋಪಿನ ಸ್ಮಶಾನಗಳಲ್ಲಿ ಬ್ಲೂಮ್‌ಫೀಲ್ಡನೆಂಬ ಶಿಲ್ಪಿಯು ರಚಿಸಿದ 'ತ್ಯಾಗದ ಶಿಲುಬೆ'ಗಳನ್ನು ನಿಲ್ಲಿಸಿದರು. ಆ ಕಲ್ಲಿನ ಶಿಲುಬೆಯ ಮೇಲೆ ಕಂಚಿನ ಕತ್ತಿಯೊಂದನ್ನು ಜೋಡಿಸಿದ್ದಾರೆ. ಚಿತ್ರದಲ್ಲಿ ಅದನ್ನು ಕಂಡು ನಾನು ಸ್ನೇಹಿತರಿಗೆ, ಶಿಲುಬೆಯ ಮೇಲೆ ಕತ್ತಿ ಸಲ್ಲುವುದೇ ಎಂದು ಕೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅದರ ಮೊನೆ ಕೆಳಮುಖವಾಗಿದೆಯೆಂಬುದಷ್ಟೇ ನಮಗೆ ಸಮಾಧಾನ, ಮಾಸ್ತರರೇ. ಅದರ ಮೇಲೆ ನಮ್ಮೊಳಗೂ ವಾದವಿದೆ" ಎಂದರು. ತನ್ನ ಧರ್ಮದ ಕುರುಹಿನ ವಿಷಯದಲ್ಲಿ ಹೀಗೆ ಪ್ರಾಮಾಣಿಕವಾಗಿ ನುಡಿಯುವವರು ವಿರಳ.

ಆದರೆ ನಮ್ಮ ರಾಷ್ಟ್ರೀಯ ಜೀವನದಲ್ಲಿಯೇ ಕೊಲ್ಲದೆ ಸಾಯುವ ಮಾರ್ಗವನ್ನು ಹಿಡಿದವರಿದ್ದಾರೆ. ಕಿತ್ತೂರಿನ ಯುದ್ಧವಾಗಿ ಸರಿಯಾಗಿ ನೂರು ವರ್ಷಕ್ಕೆ, 1924ರ ಡಿಸೆಂಬರದಲ್ಲಿ, ಗಾಂಧೀಜಿಯವರು ಬೆಳಗಾವಿಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1937ರಲ್ಲಿ ನಮ್ಮಿಂದ ದೂರವಲ್ಲದ ಹುದಲಿಗೂ ಬಂದರು. ಅವರ ದಾಂಡೀಯಾತ್ರೆಯಲ್ಲಿ ನಡೆದ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವನು 1943ನೆಯ ಏಪ್ರಿಲ 1ರಂದು ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದನು. ಅವನೊಡನೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬಿಬ್ಬರೂ ಮಡಿದರು. ಗಾಂಧೀಜಿಯವರಿಗೆ ಶಿಲುಬೆಯ ವಿಷಯದಲ್ಲಿ ಎಷ್ಟು ಆದರವಿತ್ತೆಂಬುದು ಪ್ರಸಿದ್ಧವಾಗಿದೆ. ಅವರಿಗೆ ಪ್ರಿಯವಾಗಿದ್ದ 'ಅಬೈಡ್ ವಿತ್ ಮೀ' ಎಂಬ ಕ್ರೈಸ್ತ ಪ್ರಾರ್ಥನಾಗೀತದ ರಾಗವನ್ನು ಗಣರಾಜ್ಯೋತ್ಸವದ ಮುಕ್ತಾಯವಾದ ಜನವರಿ 29ರ ಸಂಜೆ ದಿಲ್ಲಿಯಲ್ಲಿ ಸೈನ್ಯದ ವಾದ್ಯವೃಂದವು ದಶಕಗಳ ಕಾಲ ನುಡಿಸುತ್ತಿತ್ತು. 2022ರಿಂದ ಅದನ್ನು ಕೈಬಿಟ್ಟರು. ಬಿಟ್ಟುದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಒಬ್ಬ ಆಂಗ್ಲ ಪಾದ್ರಿಯು ಬರೆದ ಪ್ರಾರ್ಥನೆಯು ಅಷ್ಟು ವರ್ಷ ನಮ್ಮ ರಾಷ್ಟ್ರದ ದುಃಖವನ್ನು ಹೇಳಿತೆಂಬುದನ್ನು ಮಾತ್ರ ಮರೆಯಬಾರದು.

ಇಷ್ಟರಿಂದ ನನಗೆ ತೋರಿದ್ದನ್ನು ಸಂಗ್ರಹಿಸಿ ಹೇಳುವೆನು. ಸ್ಮರಣೆಗೆ ಮೂರು ಅಂಗಗಳು. ಒಂದು, ಹೆಸರು: ಸಂಖ್ಯೆಯನ್ನು ಯಾರೂ ಸ್ಮರಿಸಲಾರರು. ಎರಡು, ಕೊಡಗೆ: ಸತ್ತವನ ಋಣವು ಬದುಕಿದವರ ಅನ್ನದಲ್ಲಿ ಪಾಲಾಗಿ ಹೋಗಬೇಕು; ವೀರಗಲ್ಲಿನ ಹೊಲವೂ ಕ್ರೈಸ್ತರ ರೊಟ್ಟಿಯೂ ಇದನ್ನೇ ಹೇಳುತ್ತವೆ. ಮೂರು, ಆತ್ಮಪರೀಕ್ಷೆ: ನೆನೆಯುವ ಯೋಗ್ಯತೆ ತನಗಿದೆಯೇ ಎಂದು ನೆನೆಯುವವನೇ ಕೇಳಿಕೊಳ್ಳಬೇಕು. ಇವುಗಳಲ್ಲಿ ಜಯಘೋಷ ಯಾವ ಅಂಗಕ್ಕೆ ಸೇರುವುದೋ ನನಗೆ ತಿಳಿಯದು. ಮೂವತ್ತು ವರ್ಷ ಅದನ್ನೇ ಹೇಳಿಸಿದ ನನ್ನ ಮೇಲೆಯೇ ಈ ಆಕ್ಷೇಪವು ಮೊದಲು ಬರುತ್ತದೆ. ಅದನ್ನು ತಪ್ಪಿಸಿಕೊಳ್ಳಲು ನಾನು ಇಚ್ಛಿಸುವುದಿಲ್ಲ.

ನಮ್ಮ ಸಂಘದವರಲ್ಲಿ ಒಂದು ವಿನಂತಿಯಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಂದೊಂದು ಊರಿನಲ್ಲಿ ಒಬ್ಬೊಬ್ಬ ಉಪಾಧ್ಯಾಯರು ಮನೆಮನೆಗೆ ಹೋಗಿ, ಯುದ್ಧಕ್ಕೆ ಹೋಗಿ ಬಾರದವರ, ಚಳವಳಿಯಲ್ಲಿ ಸೆರೆಮನೆ ಕಂಡವರ, ಪ್ಲೇಗು ಮಹಾಮಾರಿಗಳಲ್ಲಿ ರೋಗಿಗಳ ಆರೈಕೆ ಮಾಡುತ್ತ ತಾವೇ ತೀರಿಕೊಂಡವರ ಹೆಸರುಗಳನ್ನು ಜಾತಿಮತವೆಣಿಸದೆ ಬರೆದುಕೊಳ್ಳಲಿ. ಹಳೆಯ ಪತ್ರ, ಪೆನ್ಶನ್ ಕಾಗದ, ಪದಕಗಳಿದ್ದರೆ ನೋಡಿ ಖಚಿತಮಾಡಿಕೊಳ್ಳಲಿ. ವರ್ಷಕ್ಕೊಮ್ಮೆ ಜಯಘೋಷದ ಬದಲು ಆ ಹೆಸರುಗಳನ್ನು ನಿಧಾನವಾಗಿ ಓದಲಿ. ಆ ದಿನ ಊರವರು ಹಣ ಕೂಡಿಸಿ ತಂದೆಯಿಲ್ಲದ ಒಂದು ಮಗುವಿನ ಆ ವರ್ಷದ ಪುಸ್ತಕ ಬಟ್ಟೆಗಳ ಖರ್ಚನ್ನು ವಹಿಸಿಕೊಳ್ಳಲಿ. ನಮ್ಮ ಕಾಲದ ನೆತ್ತರುಗೊಡಗೆಯು ಇಷ್ಟಾದರೂ ಆಗಬಾರದೇ?

ಕಳೆದ ಗಣರಾಜ್ಯ ದಿನದ ಮುಂಚೆ ನಾನು ಶಿಷ್ಯನ ಮನೆಗೆ ಹೋದೆನು. ಅವರಲ್ಲಿ ಮುತ್ತಜ್ಜನ ಪದಕವಿಲ್ಲ, ಚಿತ್ರವಿಲ್ಲ, ಕಾಗದವಿಲ್ಲ. ಅವನ ಹೆಸರನ್ನು ಮೊಮ್ಮಗನಿಗೂ ಆಮೇಲೆ ಮರಿಮಗನ ಮಗನಿಗೂ ಇಟ್ಟು ಆ ಮನೆತನವು ಅದನ್ನು ಕಾಪಾಡಿಕೊಂಡಿದೆ. ಈಗಿನ ಹುಡುಗನು ಐದನೆಯ ಇಯತ್ತೆಯಲ್ಲಿ ಓದುತ್ತಾನೆ. ನಾನು ಹೊಸ ವಹಿಯ ಮೊದಲನೆಯ ಪುಟದಲ್ಲಿ ಆ ಹೆಸರನ್ನು ಅವನ ಕೈಯಿಂದಲೇ ಬರೆಯಿಸಿದೆನು. ಕೆಳಗೆ ಉಳಿದ ಗೆರೆಗಳು ಇನ್ನೂ ಖಾಲಿಯಾಗಿವೆ.